ಒಂದೇ ಮಗ್ಗು, ನಾಲ್ಕು ಬ್ರಶ್

ಹಡಪಸರದ ನಮ್ಮ ಫ್ಲ್ಯಾಟಿನಲ್ಲಿ ನಾವು ನಾಲ್ವರು. ವಿಜಯಪುರದವರು ಇಬ್ಬರು, ಬೀದರಿನವನೊಬ್ಬ, ದಾವಣಗೆರೆಯ ನಾನು. ಬಾಡಿಗೆ, ವೈಫೈ, ಅಡುಗೆ ಮಾವಶಿಯ ಪಗಾರ, ಎಲ್ಲಕ್ಕೂ ನಾಲ್ಕು ಪಾಲು. ಪಾಲಾಗದೆ ಉಳಿದಿದ್ದು ಹಲ್ಲುಜ್ಜುವ ಬ್ರಶ್ ಮಾತ್ರ. ಆಫರಿನಲ್ಲಿ ತಂದ ನಾಲ್ಕರ ಪ್ಯಾಕು, ಕಮೋಡಿನ ಪಕ್ಕದ ಹಲಗೆಯ ಮೇಲೆ ಒಂದೇ ಮಗ್ಗು. ಬೆಳಗಿನ ಶಿಫ್ಟಿನ ಗಡಿಬಿಡಿಯಲ್ಲಿ ಯಾವ ನೀಲಿ ಯಾರದೆಂದು ನೋಡುವವರಾರು?

ಕಳೆದ ವರ್ಷ ಬೀದರಿನ ಗೆಳೆಯ ರಕ್ತದಾನ ಮಾಡಿ ಬಂದ. ಕೆಲ ದಿನಗಳ ನಂತರ ರಕ್ತನಿಧಿಯಿಂದ ಫೋನ್: ಹೆಪಟೈಟಿಸ್ ಬಿ. ಅಂದು ರಾತ್ರಿಯೇ ನಾವು ಅವನ ತಟ್ಟೆ ಬೇರೆ ಇಟ್ಟೆವು, ಲೋಟ ಬೇರೆ ಇಟ್ಟೆವು. ಮಗ್ಗು ಮಾತ್ರ ಇನ್ನೂ ಮೂರು ದಿನ ಅಲ್ಲೇ ಇತ್ತು. ಇವತ್ತಿಗೂ ನಾಚಿಕೆಯಾಗುತ್ತದೆ.

ವೈದ್ಯರು ನಮ್ಮ ಲೆಕ್ಕವನ್ನೇ ತಿರುವಿ ಹಾಕಿದರು. ಈ ವೈರಸ್ ಜೊತೆಗೆ ಕೂತು ಉಂಡರೆ, ಅಪ್ಪಿಕೊಂಡರೆ, ಕೆಮ್ಮಿದರೆ ಹರಡುವುದಿಲ್ಲ. ಮನೆಯೊಳಗೆ ಹಂಚಿಕೊಳ್ಳಬಾರದ್ದು ರಕ್ತ ತಗಲುವ ವಸ್ತುಗಳನ್ನು, ಅಂದರೆ ಬ್ರಶ್ಶು ಮತ್ತು ರೇಜರ್. ವಸಡಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಬಂದರೂ ಸಾಕು. ಮೈಯ ಹೊರಗೆ ಈ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ನಾವು ಮೂವರೂ ಪರೀಕ್ಷೆ ಮಾಡಿಸಿಕೊಂಡೆವು, ಏನೂ ಇರಲಿಲ್ಲ. ಮೂರು ಡೋಸ್ ಲಸಿಕೆಯನ್ನೂ ಹಾಕಿಸಿಕೊಂಡೆವು. ಮಕ್ಕಳ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ದೇಶದೆಲ್ಲೆಡೆ ಸೇರಿದ್ದು 2011ರಲ್ಲಿ. ಈಗ ಪುಣೆ, ಹೈದರಾಬಾದಿನಲ್ಲಿ ರೂಮು ಹಂಚಿಕೊಂಡಿರುವ ನಮ್ಮ ವಯಸ್ಸಿನ ಅನೇಕರಿಗೆ ಅದು ಸಿಕ್ಕೇ ಇಲ್ಲ.

ಬಳಸಿದ ಬ್ರಶ್ಶಿನಲ್ಲಿ ಇನ್ನೂ ಬೇಕಾದಷ್ಟಿವೆ. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಕ್ಯಾಂಡಿಡಾ ಎಂಬ ಶಿಲೀಂಧ್ರ, ಪಕ್ಕದಲ್ಲಿ ಮುಚ್ಚಳ ತೆರೆದೇ ಫ್ಲಶ್ ಮಾಡುತ್ತಿದ್ದರೆ ಮಲದ ಇ. ಕೋಲಿ ಕೂಡ. ಹಾಗೆಂದು ಹೆದರಿ ಸಾವಿರಾರು ರೂಪಾಯಿಯ ಯುವಿ ಡಬ್ಬಿ ತರಿಸಬೇಕಿಲ್ಲ. ಆರೋಗ್ಯವಂತರ ಬಾಯಲ್ಲಿ ಮೊದಲೇ ನೂರಾರು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ತಮ್ಮದೇ ಬ್ರಶ್ಶಿನಿಂದ ಅಂಥವರಿಗೆ ಕಾಯಿಲೆ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಪ್ಲಾಸ್ಟಿಕ್ ಕ್ಯಾಪು ಹಾಕಿದರೆ ಎಳೆಗಳು ಒಣಗದೆ ಸೂಕ್ಷ್ಮಜೀವಿಗಳಿಗೇ ಅನುಕೂಲ. ನಲ್ಲಿ ನೀರಲ್ಲಿ ತೊಳೆದು, ಒಂದಕ್ಕೊಂದು ತಾಗದಂತೆ ನೆಟ್ಟಗೆ ನಿಲ್ಲಿಸಿ, ಗಾಳಿಗೆ ಒಣಗಲು ಬಿಟ್ಟರಾಯಿತು. ಮೂರ್ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು. ನಮ್ಮಜ್ಜನಿಗೆ ಈ ರಗಳೆಯೇ ಇರಲಿಲ್ಲ, ಬೇವಿನ ಕಡ್ಡಿ ಜಗಿದು ಅವತ್ತೇ ಬೇಲಿಯಾಚೆ ಎಸೆಯುತ್ತಿದ್ದ. ನಾವು ಫೋನ್ ವರ್ಷಕ್ಕೊಂದು ಬದಲಿಸುತ್ತೇವೆ, ಬ್ರಶ್ಶಿನ ಎಳೆ ಪೊರಕೆಯಂತಾದರೂ ಬಿಡುವುದಿಲ್ಲ.

ಬೇರೆ ಮಾಡಬೇಕಾದದ್ದು ಬ್ರಶ್ಶನ್ನು, ಮನುಷ್ಯನನ್ನಲ್ಲ. ನಾವು ಮಾಡಿದ್ದು ತಿರುವುಮುರುವು. ಎರಡು ತಿಂಗಳಲ್ಲಿ ಗೆಳೆಯ ಮಾಂಜರಿಗೆ ಮನೆ ಬದಲಿಸಿದ. ಅಲ್ಲಿ ಬಾಡಿಗೆ ಕಮ್ಮಿ ಎಂದ. ಕಾರಣ ಅದಲ್ಲವೆಂದು ನಮಗೆ ಗೊತ್ತಿತ್ತು, ಆದರೂ ಯಾರೂ ತಡೆಯಲಿಲ್ಲ.

ಅವನ ಜಾಗಕ್ಕೆ ಈಗ ರಾಯಚೂರಿನ ಹುಡುಗನೊಬ್ಬ ಬಂದಿದ್ದಾನೆ. ಮೊದಲ ದಿನ, ಕೀಲಿಕೈ ಕೊಡುವ ಮುಂಚೆಯೇ ಅವನಿಗೊಂದು ಸ್ಟೀಲ್ ಲೋಟ ಕೊಟ್ಟು ಬ್ರಶ್ ಇಡುವ ಜಾಗ ತೋರಿಸಿದೆ. ‘ಇಷ್ಟು ಕಟ್ಟುನಿಟ್ಟೇನ್ರೀ ಅಣ್ಣಾ?’ ಎಂದು ನಕ್ಕ. ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಎಲ್ಲವನ್ನೂ ಹೇಳಿದೆ.