ಅಟ್ಟದ ಉಳಿತಾಯವೂ ಮಕ್ಕಳ ಪಾಸ್‌ಬುಕ್ಕೂ

ಕಿಬ್ಬನಹಳ್ಳಿ ಕ್ರಾಸಿನಿಂದ ತಿಪಟೂರಿನ ಕಡೆಗೆ ಹೊರಡಲಿ, ತುರುವೇಕೆರೆಗಾಗಲಿ ಚಿಕ್ಕನಾಯಕನಹಳ್ಳಿಗಾಗಲಿ ತಿರುಗಲಿ, ತೆಂಗಿನ ತೋಟವು ಪ್ರಯಾಣಿಕನ ಕಣ್ಣಿಗೆ ತಪ್ಪುವುದಿಲ್ಲ. ಈ ಸೀಮೆಯ ಒಕ್ಕಲುಮನೆಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ, ಕೈಮುಟ್ಟದೆ ಬಿಡುವುದು ಹಿಂದಿನಿಂದ ಬಂದ ವಾಡಿಕೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎಂದಾಗಲೇ ಅದು ಉಂಡೆ ಕೊಬ್ಬರಿ. ಇಂದು ಮಾರಿದರೆ ಬರುವ ಕಾಸನ್ನು ಬಿಟ್ಟು ನಾಳೆಯ ಹೆಚ್ಚಿನ ಬೆಲೆಗಾಗಿ ಕಾಯುವ ಈ ವಿದ್ಯೆಯನ್ನು ಇಲ್ಲಿನ ಮಕ್ಕಳು ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ತಲೆಯೆತ್ತಿ ಅಟ್ಟವನ್ನು ನೋಡಿಯೇ ಕಲಿಯುತ್ತಿದ್ದರು.

ಆದರೆ ಕಾಯುವುದೊಂದೇ ಸಾಲದೆಂಬುದನ್ನು ಇತ್ತೀಚಿನ ವರ್ಷಗಳು ತೋರಿಸಿಕೊಟ್ಟಿವೆ. 2023ರಲ್ಲಿ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ನಿಗದಿ ಮಾಡಿದ್ದರೂ ತಿಪಟೂರಿನ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಅದೇ ಮಾರುಕಟ್ಟೆಯ ಧಾರಣೆ ಅದರ ಎರಡರಷ್ಟನ್ನು ಮೀರಿತು. ಕುಸಿತದ ಕಾಲದಲ್ಲಿ ಮಾರದೆ ತಡೆದವನು ಯಾರು? ಮಗಳ ಶುಲ್ಕಕ್ಕೂ ಮನೆಯ ಖರ್ಚಿಗೂ ಬೇರೆ ಹಣ ಕೂಡಿಟ್ಟಿದ್ದವನೇ. ಅಟ್ಟ ತುಂಬಿದ್ದರೂ ಕೈಯಲ್ಲಿ ಕಾಸಿಲ್ಲದವನು ಸಿಕ್ಕಿದ ಬೆಲೆಗೆ ಮೂಟೆ ಇಳಿಸಲೇಬೇಕಾಯಿತು. ಸರಕಿನ ಉಳಿತಾಯಕ್ಕೆ ನಗದಿನ ಉಳಿತಾಯದ ಆಸರೆ ಬೇಕು. ಈ ಎರಡನೆಯ ಪಾಠವನ್ನು ಅಟ್ಟವು ಕಲಿಸಲಾರದು, ಶಾಲೆಯೂ ಕಲಿಸುತ್ತಿಲ್ಲ.

ಶಾಲೆಗಳಲ್ಲಿ ಈಚೆಗೆ ‘ಮಕ್ಕಳ ಸಂತೆ’ ನಡೆಯುವುದನ್ನು ವಾಚಕರು ಬಲ್ಲರು. ಮಕ್ಕಳು ಸೊಪ್ಪು, ಕಾಯಿ, ನಿಂಬೆಹಣ್ಣು ಮಾರುತ್ತಾರೆ, ತೂಕ ಹಾಕುತ್ತಾರೆ, ಚಿಲ್ಲರೆ ಎಣಿಸುತ್ತಾರೆ. ಅಧಿಕಾರಿಗಳು ಬಂದು ಒಂದು ಕಟ್ಟು ಕೊತ್ತಂಬರಿಯನ್ನು ಕೊಂಡು ಭಾವಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಪ್ರಯತ್ನವು ಶ್ಲಾಘನೀಯವೇ. ಆದರೆ ಸಂಜೆ ಆ ಹಣ ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ. ಮನೆಯಲ್ಲಾದರೋ ಹಣವೇ ಕಣ್ಮರೆಯಾಗುತ್ತಿದೆ. ಅಪ್ಪನು ದೂರವಾಣಿಯನ್ನು ಅಂಗಡಿಯ ಚೌಕಳಿಯ ಮುಂದೆ ಹಿಡಿಯುತ್ತಾನೆ, ಸರಕು ಬರುತ್ತದೆ. ಏನು ಕಳೆಯಿತೆಂಬುದು ಮಗುವಿಗೆ ಕಾಣದು. ಅದೇ ಯಂತ್ರದಲ್ಲಿ ಪಣದಾಟಗಳು ಎಷ್ಟು ಮನೆಗಳನ್ನು ಹೊಕ್ಕಿದ್ದವೆಂದರೆ, 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳ ನಿಷೇಧಕ್ಕೆ ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬಾಗಿಲನ್ನು ಮುಚ್ಚಬಹುದು. ಹುಡುಗನ ಕೈಯ ಅಭ್ಯಾಸವನ್ನು ತಿದ್ದುವ ಕೆಲಸ ಬೇರೆ.

ಈ ಕೆಲಸಕ್ಕೆ ಪರದೇಶದ ಮಾದರಿಯನ್ನು ಹುಡುಕಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಸ್ಥೆಯ ಮನುಷ್ಯನು ಬಡವರ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯನ್ನೂ ಆದರದಿಂದ ಬರೆದುಕೊಳ್ಳುತ್ತಿದ್ದನು. ಅದರ ಗುಟ್ಟು ಬಡ್ಡಿಯ ದರದಲ್ಲಿರಲಿಲ್ಲ. ಸಣ್ಣ ಹಣಕ್ಕೆ ದೊರೆತ ಮರ್ಯಾದೆಯಲ್ಲಿತ್ತು. 1970ರಲ್ಲಿ ಭಾರತ ಸರ್ಕಾರದವರು ‘ಸಂಚಯಿಕಾ’ ಎಂಬ ಶಾಲಾ ಉಳಿತಾಯ ಯೋಜನೆಯನ್ನು ತಂದಾಗ ವಿದ್ಯಾರ್ಥಿಗಳೇ ಲೆಕ್ಕ ಬರೆಯುವ ಏರ್ಪಾಡಿತ್ತು.

ಈಗಿನ ಸ್ಥಿತಿಯೇನು? ಹತ್ತು ವರ್ಷ ತುಂಬಿದ ಮಗುವು ತಾನೇ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲಿನಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಅಂಚೆ ಕಚೇರಿಯಲ್ಲಿಯೂ ಈ ಹಕ್ಕಿದೆ. ಆದರೆ ಅಂಚೆಯ ಉಳಿತಾಯ ಖಾತೆಯನ್ನು ತೆರೆಯಲು 500 ರೂಪಾಯಿ ಬೇಕು. ವರ್ಷಾಂತ್ಯದಲ್ಲಿ ಶಿಲ್ಕು ಅದಕ್ಕಿಂತ ಕಡಿಮೆಯಾದರೆ 50 ರೂಪಾಯಿ ಕಡಿತ. ಸಂತೆಯಲ್ಲಿ ನಿಂಬೆಹಣ್ಣು ಮಾರಿ ನಲವತ್ತು ರೂಪಾಯಿ ಗಳಿಸಿದ ಬಾಲಕಿಗೆ ಇದು ಎಂಥ ಸ್ವಾಗತ! ಕೂಡಿಡಲು ಬಂದ ಮಗುವಿನ ಗಂಟನ್ನೇ ಕತ್ತರಿಸುವ ನಿಯಮವು ಮಿತವ್ಯಯದ ಬೋಧನೆಗೆ ಯೋಗ್ಯವೇ?

ಇನ್ನೊಂದು ಮಾತನ್ನು ಮರೆಯಲಾಗದು. ತೋಟ ಉಳ್ಳವರ ಮಕ್ಕಳ ಜತೆಯಲ್ಲಿಯೇ ದಿನಗೂಲಿಗೆ ಕಾಯಿ ಸುಲಿಯುವವರ ಮಕ್ಕಳೂ ಕುಳಿತಿರುತ್ತಾರೆ. ಅವರಿಗೆ ‘ಉಳಿಸು’ ಎಂದು ಉಪದೇಶಿಸುವುದು ಅಣಕವಾದೀತು. ಯಾರು ಎಷ್ಟು ಕಟ್ಟಿದರೆಂದು ತರಗತಿಯಲ್ಲಿ ಕೂಗಿ ಓದುವ ಉತ್ಸಾಹವನ್ನು ಉಪಾಧ್ಯಾಯರು ಬಿಡಬೇಕು. ಅಂಥ ಮಕ್ಕಳಿಗೆ ಬಡ್ಡಿಯ ಲೆಕ್ಕವೂ ಸಾಲದ ಕಾಗದವನ್ನು ಓದುವ ಶಕ್ತಿಯೂ ಹೆಚ್ಚು ಅವಶ್ಯಕ. ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿಯೇ ಕಾನೂನು ಬೇಕಾಯಿತಲ್ಲವೆ?

ಆದುದರಿಂದ ಅಂಚೆ ಇಲಾಖೆಯವರು ವಿದ್ಯಾರ್ಥಿಗಳ ಖಾತೆಗೆ ಐನೂರರ ಕಟ್ಟಳೆಯನ್ನೂ ಕಡಿತವನ್ನೂ ತೆಗೆದುಹಾಕಲಿ. ವಿದ್ಯಾ ಇಲಾಖೆಯವರು ಮಕ್ಕಳ ಸಂತೆಯ ಸಂಜೆಯೇ ಅಂಚೆಯವರನ್ನು ಶಾಲೆಗೆ ಬರಮಾಡಿಕೊಳ್ಳಲಿ. ತಿಪಟೂರು ತಾಲ್ಲೂಕಿನಲ್ಲಿ ಕಿಬ್ಬನಹಳ್ಳಿ ಹೋಬಳಿಯಿಂದಲೇ ಇದನ್ನು ತೊಡಗಬಹುದು. ಮುಂದಿನ ಸಂತೆಗೆ ಬರುವ ಅಧಿಕಾರಿಗಳು ಕೊತ್ತಂಬರಿಯ ಕಟ್ಟಿನ ಜತೆಗೆ ಒಂದಿಷ್ಟು ಖಾತೆಯ ಅರ್ಜಿಗಳನ್ನೂ ತಂದರೆ ಸಂತೋಷ.