ಲೋಹದ ಕೀಲು, ಕೆಸರಿನ ರೋಗಾಣು

ಸವೆದ ಮೊಣಕಾಲಿಗೆ ಲೋಹದ ಕೀಲು ಕೂಡಿಸುವುದು ಈಗ ಸಿರಿವಂತರ ಸೊತ್ತಾಗಿ ಉಳಿದಿಲ್ಲ. 2017ರಲ್ಲಿ ಕೇಂದ್ರ ಸರಕಾರ ಅದರ ಬೆಲೆಗೆ ಮಿತಿ ಹಾಕಿತು, ಒಳ್ಳೆಯದೇ ಆಯಿತು. ಆದರೆ ಆ ಕೀಲಿನಲ್ಲಿ ಕೀವು ತುಂಬಿದರೆ? ಹೆಚ್ಚಾಗಿ ಅದಕ್ಕೆ ಕಾರಣ ನಮ್ಮ ಚರ್ಮದ ಮೇಲೆಯೇ ಇರುವ ರೋಗಾಣು. ಅಪರೂಪಕ್ಕೆ ಮೆಲಿಯಾಯ್ಡೋಸಿಸ್ ಎಂಬ ರೋಗದ ಅಣುವೂ ಅಲ್ಲಿ ಸೇರುವುದುಂಟು. ರಂಗೂನಿನಲ್ಲಿ 1911ರಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಗುರುತಿಸಿದ ರೋಗವಿದು. ಅಣುವಿನ ವಾಸ ಮಣ್ಣು, ಕೆಸರುನೀರಿನಲ್ಲಿ. ಮಣಿಪಾಲದ ವೈದ್ಯರು ಕರಾವಳಿಯ ಇಂಥ ರೋಗಿಗಳನ್ನು ಮಳೆಗಾಲದಲ್ಲಿಯೇ ಹೆಚ್ಚಾಗಿ ಕಂಡಿದ್ದಾರೆ. ಅವರಲ್ಲಿ ಬಹುಮಂದಿ ಸಕ್ಕರೆ ಕಾಯಿಲೆಯವರು.

ಮುರ್ಡೇಶ್ವರದ ಕಡೆ ಬರಿಗಾಲಲ್ಲಿ ಗದ್ದೆಗಿಳಿಯದವರು ಯಾರು? ಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಪ್ರಯೋಗಶಾಲೆಯವರು ಇದನ್ನು ಬೇರೆ ಅಣುವೆಂದು ತಪ್ಪು ತಿಳಿಯುವುದೂ ಇದೆ. ಗೊತ್ತಾದ ಮೇಲೂ ಎರಡು ವಾರಕ್ಕೆ ಕಡಿಮೆಯಿಲ್ಲದೆ ಸೂಜಿಮದ್ದು, ಆಮೇಲೆ ತಿಂಗಳುಗಟ್ಟಲೆ ಗುಳಿಗೆ; ಕೆಲವೊಮ್ಮೆ ಕೀಲನ್ನೇ ಕಿತ್ತು ತೆಗೆಯಬೇಕು. ಅಷ್ಟು ದಿನದ ಕೂಲಿಯನ್ನು ಕೊಡುವವರಾರು? ಅಂಗಡಿಯ ಬಾಗಿಲು ತೆಗೆಯುವವರಾರು?

ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಈ ಜಿಲ್ಲೆಯೇ ಕೂಗಿತು. ಅದು ಆಗಲೇಬೇಕು. ಅದಕ್ಕೆ ಮೊದಲು ಭಟ್ಕಳ, ಹೊನ್ನಾವರ, ಕುಮಟೆಯ ಸರಕಾರಿ ಆಸ್ಪತ್ರೆಗಳಿಗೆ ಬರುವ ಬಡವನ ಕೀಲಿನ ಕೀವನ್ನು ಬೆಳೆಸಿ ನೋಡಿ, ಅಣುವಿನ ಹೆಸರು ಸರಿಯಾಗಿ ಹೇಳುವ ಏರ್ಪಾಡು ಪುಕ್ಕಟೆಯಾಗಿ ಆಗಲಿ. ಮುಂದಿನ ಮಳೆಗಾಲದೊಳಗೆ ಆಗಲಿ.