ಗಣತಿಯ ಲೆಕ್ಕ ಮತ್ತು ಎಣ್ಮಕಜೆಯ ಮಾತು

2011ರ ಬಳಿಕ ಈ ದೇಶದ ತಲೆಯೆಣಿಕೆ ಆಗಿರಲಿಲ್ಲ. 2021ರದ್ದು ಕೊರೊನಾದ ಕಾರಣ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ಗಣತಿ ನಡೆಸುವುದಾಗಿ ಕೇಂದ್ರ ಸರಕಾರ 2025ರ ಜೂನಿನಲ್ಲಿ ಪ್ರಕಟಿಸಿತು. ಇದರಲ್ಲಿ ನಾವು ಅಲಕ್ಷ್ಯ ಮಾಡಿದರೆ ಮುಂದಿನ ಹತ್ತು ವರ್ಷ ಗೊಣಗುತ್ತಾ ಕುಳಿತುಕೊಳ್ಳಬೇಕಾದೀತು. ಮಾತು ಸ್ಪಷ್ಟವಾಗಲೆಂದು ಗಡಿಗೆ ಅಂಟಿಕೊಂಡಿರುವ ಎಣ್ಮಕಜೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ.

ಪೆರ್ಲ, ಪಡ್ರೆ, ಸ್ವರ್ಗ, ಕಾಟುಕುಕ್ಕೆ, ಶೇಣಿ ಎಂದು ಹಬ್ಬಿಕೊಂಡಿರುವ ಈ ಪಂಚಾಯತಿನ ಪೂರ್ವಕ್ಕೆ ದಕ್ಷಿಣ ಕನ್ನಡ ಜಿಲ್ಲೆ. ಪೆರ್ಲದಿಂದ ವಿಟ್ಲದ ಕಡೆ ಹೊರಟರೆ ಕೆಲವೇ ಮೈಲುಗಳಲ್ಲಿ ಸಾರಡ್ಕದ ಗಡಿ. ಮೇಲೆ ಮುರಕಲ್ಲಿನ ಬೋಳುಗುಡ್ಡ, ಕೆಳಗೆ ಕಂಗಿನ ತೋಟ, ನಡುವೆ ತೋಡು. ಬಾವಿ ತೋಡಿದರೆ ನೀರು ಸಿಗದಲ್ಲಿ ಗುಡ್ಡದ ಹೊಟ್ಟೆಗೇ ಅಡ್ಡವಾಗಿ ಸುರಂಗ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಅಂಗಳಕ್ಕೆ ಹರಿದು ಬರುವಂತೆ ಮಾಡಿದ ಜನ ಇವರು. ಕರ್ನಾಟಕದ ಕಾಡಿನಲ್ಲಿ ಹುಟ್ಟಿ 67 ಕಿಲೋಮೀಟರು ಹರಿದು ಅರಬೀ ಸಮುದ್ರ ಸೇರುವ ಶಿರಿಯಾ ಹೊಳೆಗೆ ಗಡಿಯ ಕಲ್ಲು ಯಾವುದೆಂದು ಗೊತ್ತಿಲ್ಲ. ಮನುಷ್ಯರಿಗೆ ಗೊತ್ತು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಕರ್ನಾಟಕದವರು ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಈಚೆಯೇ ಉಳಿದರು. ಕನ್ನಡವಾದರೂ ಆ ಮಣ್ಣಿನ ರಾಶಿಯನ್ನು ದಾಟಿಸಲಿಲ್ಲ ಎಂಬುದನ್ನು ನಾವು ಮರೆತಿಲ್ಲ.

ಇಲ್ಲಿನ ಜನ ಎಷ್ಟು, ಮನೆ ಎಷ್ಟು, ಓದು ಬಲ್ಲವರು ಎಷ್ಟು ಎಂಬುದಕ್ಕೆ ಗಣತಿಯ ಗ್ರಾಮವಾರು ಪಟ್ಟಿಯಲ್ಲಿ ಉತ್ತರವುಂಟು. ಅವರು ಆಡುವ ಭಾಷೆ ಯಾವುದೆಂಬ ಕಾಲಂ ಆ ಪಟ್ಟಿಯಲ್ಲಿ ಇಲ್ಲ. ಭಾಷೆಯ ಲೆಕ್ಕ ಜಿಲ್ಲೆ, ತಾಲೂಕುಗಳ ದೊಡ್ಡ ಅಂಕಿಗಳಲ್ಲಿ ಕರಗಿಹೋಗುತ್ತದೆ. 13,07,375 ಜನರ ಜಿಲ್ಲೆಯಲ್ಲಿ (ಇದು 2011ರ ಲೆಕ್ಕ) ಒಂದು ಪಡ್ರೆ ಯಾರ ಕಣ್ಣಿಗೆ ಬಿದ್ದೀತು? ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಹೀಗೆಯೇ ಆಯಿತು. ಊರಿನ ವೈದ್ಯರೂ ಪತ್ರಕರ್ತರೂ ಮನೆ ಮನೆಯ ರೋಗಿಗಳನ್ನು ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಸರಕಾರದ ಕಣ್ಣು ತೆರೆದದ್ದು.

ಭಾಷೆಯ ಲೆಕ್ಕ ಬರಿಯ ಅಭಿಮಾನದ ಸಂಗತಿಯಲ್ಲ. ಒಂದು ಜಿಲ್ಲೆಯಲ್ಲಾಗಲಿ ತಾಲೂಕಿನಲ್ಲಾಗಲಿ ಶೇಕಡಾ 15 ಅಥವಾ ಹೆಚ್ಚು ಮಂದಿ ಆಡುವ ಅಲ್ಪಸಂಖ್ಯಾತ ಭಾಷೆಯಲ್ಲಿ ಮುಖ್ಯ ನಿಯಮ, ಪ್ರಕಟಣೆಗಳನ್ನು ಕೊಡಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡ ಸಂರಕ್ಷಣೆಗಳಲ್ಲಿ ಒಂದು. ಅಂಕಿ ಇಳಿದರೆ ಹಕ್ಕಿನ ಆಧಾರವೂ ಇಳಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಎಣ್ಮಕಜೆಯ ಮಗು ಮನೆಯಲ್ಲಿ ತುಳು ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಅಪ್ಪನೊಡನೆ ವಿಲ್ಲೇಜ್ ಆಫೀಸಿಗೆ ಹೋದರೆ ಮಲಯಾಳ ಕೇಳುತ್ತದೆ. ಪಕ್ಕದ ಮನೆಯಲ್ಲಿ ಹವ್ಯಕ, ಆಚೆ ಮನೆಯಲ್ಲಿ ಕರಾಡ, ಗುಡ್ಡದ ಬುಡದಲ್ಲಿ ಬ್ಯಾರಿ. ಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ತುಳು ಮನೆಯವರೂ ಕನ್ನಡವೆಂದೇ ಬರೆಸಲಿ, ಸಂಖ್ಯೆ ಹೆಚ್ಚುತ್ತದೆ ಎಂದು ನಮ್ಮವರೇ ಕೆಲವರು ಸಭೆಗಳಲ್ಲಿ ಹೇಳುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. 2011ರಲ್ಲಿ ದೇಶದಲ್ಲಿ ತುಳು ತಮ್ಮ ಮಾತೃಭಾಷೆಯೆಂದವರು 18,46,427 ಮಂದಿ. ಎಂಟನೆಯ ಅನುಸೂಚಿಗೆ ಸೇರಬೇಕೆಂದು ಹೋರಾಡುತ್ತಿರುವ ಆ ಭಾಷೆಯಿಂದ ತಲೆಗಳನ್ನು ಕಡ ತಂದು ಕನ್ನಡವನ್ನು ಉಳಿಸಲು ಹೊರಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಅಮ್ಮ ತುಳು ಆಡಿದ್ದರೆ ತುಳುವೆಂದೇ ಹೇಳಿರಿ.

ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. 2011ರ ನಮೂನೆಯಲ್ಲಿ ಮಾತೃಭಾಷೆಯ ಕೆಳಗೆ, ತಿಳಿದಿರುವ ಇತರ ಭಾಷೆಗಳನ್ನು ಎರಡರವರೆಗೆ ಬರೆಯಲು ಜಾಗವಿತ್ತು. ಚಾ ಕುಡಿದು ಹೊರಡುವ ಅವಸರದಲ್ಲಿ ಆ ಜಾಗ ಎಷ್ಟೋ ಮನೆಗಳಲ್ಲಿ ಖಾಲಿ ಉಳಿದದ್ದನ್ನು ನಾವು ಬಲ್ಲೆವು. ಈ ಬಾರಿ ಆ ಪ್ರಶ್ನೆ ಬಂದಾಗ ಮೊದಲ ಉತ್ತರ ಕನ್ನಡವೆಂದಿರಲಿ. ಅದು ನಿಜವೂ ಹೌದು. ಮನೆಯ ಹಿರಿಯರು ಹೇಳಿದ ಉತ್ತರವನ್ನೇ ಮಕ್ಕಳಿಗೂ ಸೊಸೆಗೂ ಹಾಕಿಬಿಡಲು ಬಿಡಬೇಡಿ. ಮಡಿಕೇರಿಯಿಂದಲೋ ಪುತ್ತೂರಿನಿಂದಲೋ ಬಂದ ಸೊಸೆಯ ಭಾಷೆ ಬೇರೆಯಿರಬಹುದು. ಮೊಬೈಲಿನಲ್ಲಿ ತಾವೇ ತುಂಬಿಸುವ ಅವಕಾಶವೂ ಈ ಸಲ ಇದೆ. ಓದಿದ ಮಕ್ಕಳು ಅದನ್ನು ನೋಡಿಕೊಳ್ಳಲಿ.

ಸರಕಾರದಿಂದ ನಾವು ಕೇಳುವುದು ಹೆಚ್ಚೇನಲ್ಲ. ಇತರ ಭಾಷೆಯ ಉತ್ತರವನ್ನೂ ಪಂಚಾಯತುವಾರು ಪ್ರಕಟಿಸಬೇಕು. ಕನ್ನಡ ಶಾಲೆಗೆ ಅಧ್ಯಾಪಕರನ್ನು ಕೊಡುವಾಗ ಅದನ್ನು ಪರಿಗಣಿಸಬೇಕು. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದು ನಿಂತರೆ ಏನಾಗುತ್ತದೆಂದು ಹೆತ್ತವರಿಗೆ ವಿವರಿಸುವ ಅಗತ್ಯವಿಲ್ಲ. ಗಡಿ ಪಂಚಾಯತುಗಳಿಗೆ ಕಳುಹಿಸುವ ಗಣತಿದಾರರಿಗೂ ಕನ್ನಡ, ಸಾಧ್ಯವಾದರೆ ತುಳು, ಗೊತ್ತಿರಬೇಕು. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಮರ್ಯಾದೆಗಾಗಿ ಮಲಯಾಳದಲ್ಲೇ ಉತ್ತರಿಸುವ ನಮ್ಮ ಅಜ್ಜಿಯಂದಿರ ಮಾತೃಭಾಷೆ ಆ ಉತ್ತರದಿಂದಲೇ ತೀರ್ಮಾನವಾಗಬಾರದು. ಈ ಬೇಡಿಕೆಗಳನ್ನು ಪ್ರತಿಯೊಂದು ಶಾಲೆಯ ರಕ್ಷಕ ಶಿಕ್ಷಕ ಸಂಘವೂ ಜಿಲ್ಲಾಧಿಕಾರಿಗಳಿಗೆ ಬರೆದು ಕಳುಹಿಸಲಿ. ಕನ್ನಡದಲ್ಲಿಯೇ ಬರೆಯಲಿ. ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ.